ತಿದ್ದದೆ ಬಿಟ್ಟ ಮಾತು

ಲೇಸರ್ ಮಾಡಿಸಲು ಬಂದವರಿಗೆ ನಾನು ಸುಳ್ಳು ಹೇಳುವುದಿಲ್ಲ. "ಕೂದಲು ಕಡಿಮೆಯಾಗುತ್ತೆ" ಎಂದೇ ಹೇಳುತ್ತೇನೆ. "ಪೂರ್ತಿ ಹೋಗುತ್ತೆ" ಎಂದು ಯಾರಿಗೂ ಹೇಳಿದ ನೆನಪಿಲ್ಲ. ಆದರೆ ನಾನು ಹೇಳಿದ್ದೊಂದು, ಅವರು ಕೇಳಿಸಿಕೊಂಡದ್ದೊಂದು ಎಂಬುದು ಎದುರಿಗೆ ಕೂತವರ ಮುಖದಲ್ಲೇ ಗೊತ್ತಾಗುತ್ತದೆ. ಕಣ್ಣು ಅರಳುತ್ತದೆ, ಪಕ್ಕದಲ್ಲಿದ್ದವರನ್ನು ನೋಡಿ ತಲೆಯಾಡಿಸುತ್ತಾರೆ. ಆಗ ನಾನು ತಿದ್ದುವುದಿಲ್ಲ. ಯಾಕೆ ತಿದ್ದುವುದಿಲ್ಲ ಎಂದು ಈಚೆಗೆ ನನ್ನನ್ನೇ ಕೇಳಿಕೊಳ್ಳತೊಡಗಿದ್ದೇನೆ. ಸಿಕ್ಕಿದ ಉತ್ತರಗಳು ಒಂದಕ್ಕೊಂದು ಹೊಂದುತ್ತಿಲ್ಲ.

ನಾನು ಶಿವಮೊಗ್ಗದಲ್ಲಿ ಚರ್ಮರೋಗ ವೈದ್ಯೆ. ಹುಳುಕಡ್ಡಿ, ಕಜ್ಜಿ, ತೊನ್ನು ನೋಡುವುದೇ ದಿನದ ಮುಕ್ಕಾಲು ಕೆಲಸ. ಲೇಸರ್ ಯಂತ್ರ ಆಮೇಲೆ ಬಂದದ್ದು, ಬ್ಯಾಂಕ್ ಸಾಲ ಮಾಡಿ ತಂದದ್ದು.

ಅದು ಕೆಲಸ ಮಾಡುವ ಬಗೆ ನನಗೆ ಚೆನ್ನಾಗಿ ಗೊತ್ತು, ಹಾಗಾಗಿ ತಿಳಿಯದೆ ಆಯಿತು ಎನ್ನುವ ನೆಪ ನನಗಿಲ್ಲ. ಬೆಳಕಿನ ಅಲೆಯನ್ನೂ ಅದು ಬೀಳುವ ಹೊತ್ತನ್ನೂ ಸರಿಯಾಗಿ ಆರಿಸಿದರೆ ಸುತ್ತಲಿನ ಚರ್ಮಕ್ಕೆ ಪೆಟ್ಟಾಗದಂತೆ ಬಣ್ಣವಿರುವ ಭಾಗವನ್ನಷ್ಟೇ ಸುಡಬಹುದು ಎಂದು 1983ರಲ್ಲಿ ಬಾಸ್ಟನ್ನಿನ ಆಂಡರ್ಸನ್ ಮತ್ತು ಪ್ಯಾರಿಶ್ ತೋರಿಸಿಕೊಟ್ಟರು. ಕೂದಲಿನ ಕಪ್ಪಿಗೆ ಕಾರಣವಾದ ಮೆಲನಿನ್ ಆ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಬುಡ ಸುಡುತ್ತದೆ. ನಮ್ಮಂಥವರ ಚರ್ಮದಲ್ಲೂ ಅದೇ ಮೆಲನಿನ್ ಧಾರಾಳವಾಗಿರುವುದರಿಂದ 1064 ನ್ಯಾನೋಮೀಟರಿನಂಥ, ಆಳಕ್ಕಿಳಿದು ಮೇಲ್ಚರ್ಮವನ್ನು ಕಡಿಮೆ ಕಾಡುವ ಅಲೆ ಹೆಚ್ಚು ಸುರಕ್ಷಿತ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಪೆಟ್ಟು ಸರಿಯಾಗಿ ತಾಗುತ್ತದೆ. ಒಂದು ಹೊತ್ತಿಗೆ ಎಲ್ಲವೂ ಆ ಹಂತದಲ್ಲಿರುವುದಿಲ್ಲ. ಅದಕ್ಕೇ ಮುಖಕ್ಕಾದರೆ ನಾಲ್ಕರಿಂದ ಆರು ವಾರಕ್ಕೊಂದರಂತೆ ಹಲವು ಸಿಟ್ಟಿಂಗ್. ಮುಗಿದ ಮೇಲೂ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರಬೇಕಾದೀತು. ಬಿಳಿ ಕೂದಲಿಗೆ ಇದರಿಂದ ಏನೂ ಆಗುವುದಿಲ್ಲ.

ಇಷ್ಟನ್ನೂ ಒಬ್ಬ ತಾಯಿಗೆ ಹೇಳಿದ್ದೆ. ಹೇಳಿದ್ದೆ ಎಂದರೆ, ಬೇಗ ಬೇಗ ಹೇಳಿದ್ದೆ.

ದೀಪಾವಳಿ ಆಗಷ್ಟೇ ಕಳೆದಿತ್ತು. ಅವರು ಕರೆತಂದ ಮಗಳ ಮುಖದಲ್ಲಿ ಗಟ್ಟಿ ಕೂದಲು ಇರಲೇ ಇಲ್ಲ. ಕಿವಿಯ ಮುಂದಿನಿಂದ ದವಡೆಯವರೆಗೆ ನವಿರಾದ ರೋಮ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥದ್ದು. ತಾಯಿಯೇ ಅವಳ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿ ತೋರಿಸಿದರು. "ಮಾಘದಲ್ಲಿ ಮದುವೆ ಮೇಡಂ. ಅಷ್ಟ್ರೊಳಗೆ ಇದೆಲ್ಲ ಹೋಗ್ಬೇಕು. ಈಗಿನ ವಿಡಿಯೊದಲ್ಲಿ ಎಲ್ಲಾ ಕಾಣತ್ತೆ." ಹುಡುಗಿ ಏನೂ ಹೇಳಲಿಲ್ಲ. ನಾನೂ ಅವಳನ್ನು ಏನೂ ಕೇಳಲಿಲ್ಲ.

ಇಂಥ ರೋಮದಲ್ಲಿ ಬಣ್ಣ ಕಡಿಮೆ, ಲೇಸರಿಗೆ ಹಿಡಿತ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೆನ್ನೆ ದವಡೆ ಕುತ್ತಿಗೆಗಳಲ್ಲಿ, ನಮ್ಮ ಮೈಬಣ್ಣದವರಲ್ಲಿ, ಲೇಸರ್ ಬಿದ್ದ ಮೇಲೆ ನವಿರು ರೋಮವೇ ಗಟ್ಟಿಯಾಗಿ ಬೆಳೆಯುವುದೂ ಒಮ್ಮೊಮ್ಮೆ ಉಂಟು. ಒಪ್ಪಿಗೆ ಪತ್ರದಲ್ಲಿ ಅದನ್ನು ಬರೆಸಿದ್ದೇನೆ. ತಾಯಿ ಅದನ್ನು ಓದದೆ ಮಗಳ ಮುಂದಿಟ್ಟರು, ಮಗಳು ಓದದೆ ಸಹಿ ಮಾಡಿದಳು. ಪೆನ್ನು ಕೊಟ್ಟವಳು ನಾನು.

ಸಿಟ್ಟಿಂಗಿಗೆ ಮೊದಲು ರೇಜರ್ ಆಡಿಸಿ ರೋಮ ತೆಗೆಯುತ್ತೇವೆ, ಬುಡ ಒಳಗೇ ಉಳಿಯಬೇಕು. ಕಣ್ಣಿಗೆ ಕವಚ, ಕೆನ್ನೆಗೆ ತಣ್ಣನೆಯ ಜೆಲ್. ಗಟ್ಟಿ ಕೂದಲಿನವರಾದರೆ ಪ್ರತಿ ಹೊಡೆತಕ್ಕೂ ರಬ್ಬರ್ ಬ್ಯಾಂಡ್ ಎಳೆದುಬಿಟ್ಟಂತೆ ಚುರುಕ್ ಎನ್ನುತ್ತದೆ, ಕೋಣೆಯಲ್ಲಿ ಕೂದಲು ಸುಟ್ಟ ವಾಸನೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ಬುಡಗಳ ಸುತ್ತ ಸಣ್ಣ ಕೆಂಪು ಉಬ್ಬುಗಳು ಮೂಡುತ್ತವೆ. ಪೆಟ್ಟು ತಾಗಿದೆ ಎನ್ನುವುದಕ್ಕೆ ಅದೇ ಗುರುತು. ಈ ಹುಡುಗಿಗೆ ವಾಸನೆ ಬರಲಿಲ್ಲ, ಉಬ್ಬೂ ಏಳಲಿಲ್ಲ. "ನೋವಾಯ್ತಾ?" ಎಂದೆ. "ಇಲ್ಲ ಮೇಡಂ, ಏನೂ ಆಗ್ಲಿಲ್ಲ" ಎಂದಳು. ಆ ಮಾತಿನ ಪೂರ್ತಿ ಅರ್ಥ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕೊನೆಯ ಸಿಟ್ಟಿಂಗ್ ಮದುವೆಗೆ ಸ್ವಲ್ಪ ಮುಂಚೆ ಬಿತ್ತು. ಮುಖ ನುಣ್ಣಗಿತ್ತು, ಬಹುಪಾಲು ರೇಜರಿನಿಂದ. ಮದುವೆಯಾದ ಮೇಲೆ ತಾಯಿ ಚಿರೋಟಿಯ ಡಬ್ಬಿ, ರವಿಕೆ ಕಣ ತಂದು ಮೇಜಿನ ಮೇಲಿಟ್ಟರು. "ನಿಮ್ಮ ಕೈಗುಣ ಮೇಡಂ" ಎಂದರು. ಇಟ್ಟುಕೊಂಡೆ.

ಅವಳಿಗೆ ಕೆಡುಕಾಯಿತು ಎಂದು ಯಾರೂ ಬಂದು ಹೇಳಿಲ್ಲ. ಆಗಿಲ್ಲವೆಂದೇ ನಂಬಿದ್ದೇನೆ. ಕೆಟ್ಟಿದ್ದರೆ ಚಿಕಿತ್ಸೆ ಕೊಡುತ್ತಿದ್ದೆ, ಹಣ ವಾಪಸು ಮಾಡುತ್ತಿದ್ದೆ, ಒಂದು ಲೆಕ್ಕ ಚುಕ್ತಾ ಆಗುತ್ತಿತ್ತು. ಈಗ ನನ್ನ ಮೇಲೆ ದೂರಿಲ್ಲ, ಇರುವುದು ಕೃತಜ್ಞತೆ.

ನಾನು ತಿದ್ದದಿರುವುದಕ್ಕೆ ಸಾಲದ ಕಂತು ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ನಾನು ಬೇಡವೆಂದರೆ ಇನ್ನೆಲ್ಲಿಗೋ ಹೋಗಿ ಮಾಡಿಸಿಕೊಳ್ಳುತ್ತಾರೆ ಎಂಬುದು ಇನ್ನೊಂದು. ತರಬೇತಿಯಿಲ್ಲದ ಕೈಗಳು ಬಿಸಿಲಿಗೆ ಕಂದಿದ ಚರ್ಮಕ್ಕೆ ಶಕ್ತಿ ಹೆಚ್ಚಿಟ್ಟು ಸುಟ್ಟ ಗುರುತುಗಳನ್ನು ನೋಡಿದ್ದೇನೆ, ಕಪ್ಪು ಕಲೆ ಮಾಯಲು ತಿಂಗಳುಗಟ್ಟಲೆ ಬೇಕು. ಈ ಕಾರಣ ನಿಜ. ನಿಜವಾದ್ದರಿಂದಲೇ ಅದರ ಹಿಂದೆ ಉಳಿದದ್ದನ್ನೆಲ್ಲ ಸುಲಭವಾಗಿ ಬಚ್ಚಿಡಬಹುದು ಎಂದೂ ಅನ್ನಿಸಿದೆ.

ಇವೆರಡಕ್ಕಿಂತ ಹೇಳಲು ಕಷ್ಟವಾದದ್ದು ಮತ್ತೊಂದಿದೆ. ತೊನ್ನಿನ ಮಕ್ಕಳ ತಂದೆತಾಯಿಗೆ ನಾನು ವರ್ಷಗಟ್ಟಲೆ "ನೋಡೋಣ" ಎನ್ನುತ್ತಾ ಬಂದವಳು. ಸೋರಿಯಾಸಿಸ್ ಇದ್ದವರಿಗೆ "ಹತೋಟಿಯಲ್ಲಿಡಬಹುದು" ಎನ್ನುವವಳು. ದಿನವೆಲ್ಲ ಮುಖಗಳು ಇಳಿಯುವುದನ್ನು ನೋಡುತ್ತೇನೆ. ಲೇಸರ್ ಕೋಣೆಯಲ್ಲಿ ಮಾತ್ರ ಮುಖ ಅರಳುತ್ತದೆ. ಆ ಅರಳಿದ ಮುಖ ನನಗೆ ಬೇಕು. ತಿದ್ದಿದರೆ ಅದು ಹೋಗುತ್ತದೆ.

ಹಾಗಂತ ಲೇಸರೇ ಮೋಸವೆಂದರೆ ಅದೂ ಅನ್ಯಾಯ. ಪಿಸಿಓಡಿ ಇದ್ದ ಇನ್ನೊಬ್ಬ ಹುಡುಗಿ ಗದ್ದಕ್ಕೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದಳು. ಹಾರ್ಮೋನಿಗೆ ಮಾತ್ರೆ, ಜೊತೆಗೆ ಲೇಸರ್. ಕೂದಲು ಪೂರ್ತಿ ಹೋಗಲಿಲ್ಲ, ಈಗಲೂ ಆಗಾಗ ಬರುತ್ತಾಳೆ, ಆದರೆ ಮಾತಾಡುವಾಗ ಕೈ ಕೆಳಗಿಳಿದಿದೆ. ಅವಳಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದ್ದೆ, ಹಾರ್ಮೋನ್ ಏರುಪೇರಾದರೆ ಹೊಸ ಕೂದಲು ಬಂದೇ ಬರುತ್ತದೆ ಎಂಬುದನ್ನೂ. ಕೇಳಿದ ಮೇಲೂ ಬೇಕು ಎಂದಳು. ಹೇಳಬೇಕಾದ್ದನ್ನು ಹೇಳುವುದು ನನಗೆ ಬರುತ್ತದೆ ಎಂದಾಯಿತಲ್ಲ. ಹಾಗಾದರೆ ಆ ತಾಯಿಯ ಮುಂದೆ ಅದು ಎಲ್ಲಿ ಹೋಗಿತ್ತು?

ಈಗೀಗ ತಾಯಂದಿರನ್ನು ಹೊರಗೆ ಕೂರಿಸಿ ಹುಡುಗಿಯನ್ನೇ "ನಿನಗೆ ಬೇಕಾ?" ಎಂದು ಕೇಳುತ್ತೇನೆ. ಎಲ್ಲ ಸಲವೂ ಅಲ್ಲ. ಹೊರಗೆ ಬೆಂಚು ತುಂಬಿದ ದಿನ ಕೇಳುವುದಿಲ್ಲ. ಹೆಚ್ಚಿನವರು "ಬೇಕು" ಅನ್ನುತ್ತಾರೆ. ಅದು ಅವರದೇ ಆಸೆಯೋ, ಹೊರಗೆ ಕೂತವರದೋ ಎಂದು ಬೇರ್ಪಡಿಸಲು ನನಗೆ ಬಾರದು. ನವಿರು ರೋಮದವರಿಗೆ "ನಿಮಗೆ ಇದು ಬೇಡ" ಎಂದು ನೇರವಾಗಿ ಹೇಳಲು ಶುರು ಮಾಡಿದ್ದೇನೆ. ಮುಖ ಇಳಿಯುತ್ತದೆ. ಅದನ್ನು ನೋಡಲಾಗದೆ "ಬೇಕಾದ್ರೆ ಒಂದು ಸಿಟ್ಟಿಂಗ್ ಮಾಡಿ ನೋಡೋಣ" ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ಬಹಳ ಸಲ ತಡೆದುಕೊಂಡಿದ್ದೇನೆ. ಹೋದ ವಾರ ಒಬ್ಬ ಹುಡುಗಿಯ ಮುಂದೆ ತಡೆಯಲಾಗಲಿಲ್ಲ. ಆ ಹುಡುಗಿಗೆ ಬರುವ ಸೋಮವಾರ ಸಮಯ ಕೊಟ್ಟಿದ್ದೇನೆ, ಅಷ್ಟರೊಳಗೆ ಫೋನ್ ಮಾಡಿ ಬೇಡವೆಂದು ಹೇಳಬೇಕು.