ರಾಜನೇ ಇಲ್ಲದ ರಾಜಧಾನಿ!

ಸಿನಿಮಾದವರು ಮನಸ್ಸು ಮಾಡಿದರೆ ಊರಿನ ಜಾತಕವನ್ನೇ ಬದಲಾಯಿಸಿಬಿಡ್ತಾರೆ! ಕ್ರೊಯೇಷಿಯಾ ದೇಶದ ಡುಬ್ರೊವ್ನಿಕ್ಕನ್ನೇ ತಗೊಳ್ಳಿ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ ನೋಡಿದವರಿಗೆ ಅದು ಸಿಂಹಾಸನಕ್ಕಾಗಿ ರಕ್ತ ಹರಿದ ರಾಜಧಾನಿ. 2011ರಲ್ಲಿ ಅಲ್ಲಿ ಶೂಟಿಂಗ್ ಶುರುವಾಯಿತು. ಆಮೇಲೆ ಅಭಿಮಾನಿಗಳ ದಂಡೇ ದಂಡು. ಆದರೆ ಅಸಲಿ ಕಥೆ ಇದೆಯಲ್ಲ, ಅದು ಇನ್ನೂ ಸ್ವಾರಸ್ಯ.

ನಾನು ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ದುಡಿಯುವವನು. ಗ್ರೂಜ್ ಬಂದರಿನಲ್ಲಿ ಹಡಗು ನಿಂತಾಗ ನಾಲ್ಕು ಗಂಟೆ ಬಿಡುವು ಸಿಕ್ಕಿತು. ಜೊತೆಗೆ ಕುಂದಾಪುರದ ಒಬ್ಬ ಹುಡುಗ. ಸುಮಾರು ಮೂರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ‘ಪಿಲೆ’ ಹೆಬ್ಬಾಗಿಲಲ್ಲಿ ಇಳಿದೆವು. ಅಲ್ಲಿಂದಾಚೆ ಗಾಡಿಗಳಿಗೆ ಪ್ರವೇಶವಿಲ್ಲ. ನಟರಾಜ ಸರ್ವಿಸ್ಸೇ ಗತಿ!

ಹಳೇ ಊರಿನ ಸುತ್ತ 1940 ಮೀಟರ್ ಉದ್ದದ ಕೋಟೆ ಗೋಡೆ. ಕೆಲವೆಡೆ 25 ಮೀಟರ್ ಎತ್ತರ. ಒಳಗೆ ಕಾಲಿಟ್ಟರೆ ಬಲಕ್ಕೆ 1438ರ ದುಂಡು ಕಾರಂಜಿ. ಇಂದಿಗೂ ಕುಡಿಯುವ ನೀರು ಬರುತ್ತೆ, ಬಾಟಲಿ ತುಂಬಿಸಿಕೊಂಡೆವು. ಎಡಕ್ಕೆ ಕ್ರೈಸ್ತ ಸನ್ಯಾಸಿಗಳ ಮಠ, ಅದರೊಳಗೆ 1317ರಲ್ಲಿ ಶುರುವಾದ ಔಷಧದಂಗಡಿ. ನಡುವೆ ನೇರವಾಗಿ ಸ್ಟ್ರಾದುನ್ ಬೀದಿ. ಜನ ನಡೆದೂ ನಡೆದೂ ಅದರ ಹಾಸುಗಲ್ಲು ಕನ್ನಡಿಯಾಗಿದೆ, ಜಾರೀತು ಜೋಕೆ!

ಆ ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಿದರೆ ‘ರೆಕ್ಟರ್’ ಅರಮನೆ. ಇಲ್ಲೇ ಇರೋದು ಮಜಾ. ಈ ಊರು 1808ರಲ್ಲಿ ಫ್ರೆಂಚರು ಮುಗಿಸುವವರೆಗೂ ಗಣರಾಜ್ಯ. ರಾಜನೂ ಇಲ್ಲ, ಸಿಂಹಾಸನವೂ ಇಲ್ಲ. ರೆಕ್ಟರ್ ಎಂಬ ಯಜಮಾನ ಇರುತ್ತಿದ್ದ, ಅವನ ಅಧಿಕಾರ ಒಂದೇ ತಿಂಗಳು! ಆ ತಿಂಗಳೂ ಸರ್ಕಾರಿ ಕೆಲಸಕ್ಕಲ್ಲದೆ ಅರಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ.

“ಒಂದು ತಿಂಗಳಲ್ಲಿ ಕುರ್ಚಿ ಬೆಚ್ಚಗೂ ಆಗುದಿಲ್ಲ ಮಾರಾಯ್ರೆ!” ಎಂದ ಜೊತೆಗಾರ.

ಊರಾಚೆಯ ಬಂಡೆಯ ಮೇಲೆ ಲೋವ್ರಿಯೆನಾಟ್ಸ್ ಕೋಟೆಯಿದೆ. ಧಾರಾವಾಹಿಯಲ್ಲಿ ರಾಜನ ಕೋಟೆಯಾಗಿ ಕಂಡದ್ದು ಇದೇ. ಅದರ ಹೊರಗೋಡೆ 12 ಮೀಟರ್‌ವರೆಗೂ ದಪ್ಪ, ಊರಿನ ಕಡೆಯದು ಬರೀ 60 ಸೆಂಟಿಮೀಟರ್. ಯಾಕೆ ಗೊತ್ತೆ? ಕೋಟೆಯ ದಳಪತಿಯೇ ಊರಿನ ಮೇಲೆ ತಿರುಗಿಬಿದ್ದರೆ ಸುಲಭವಾಗಿ ಒಡೆಯಲಿ ಅಂತ! ಅಧಿಕಾರವನ್ನು ಇಷ್ಟು ಸಂಶಯದಿಂದ ನೋಡಿದ ಊರಿಗೆ ಸಿನಿಮಾದಲ್ಲಿ ಸಿಕ್ಕ ಪಾತ್ರ ನೋಡಿ!

ಹೆಬ್ಬಾಗಿಲ ಹತ್ತಿರ ಒಂದು ನಕ್ಷೆಯ ಫಲಕವಿದೆ. ಜನ ಅದನ್ನು ದಾಟಿಕೊಂಡು, ರಾಣಿಯ ಅವಮಾನದ ದೃಶ್ಯ ತೆಗೆದ ಮೆಟ್ಟಿಲು ಹುಡುಕಿಕೊಂಡು ಓಡ್ತಾರೆ. ನಿಂತು ನೋಡಿದರೆ ಎದೆ ಝಲ್ಲೆನ್ನುತ್ತೆ. 1991-92ರ ಯುದ್ಧದಲ್ಲಿ ಶೆಲ್ ಬಿದ್ದ ಜಾಗಗಳೆಲ್ಲ ಅದರಲ್ಲಿ ಗುರುತಾಗಿವೆ. 1991ರ ಡಿಸೆಂಬರ್ 6ರದು ಅತಿ ಘೋರ ದಾಳಿ. ಹಳೇ ಊರಿನ ಮೂರರಲ್ಲಿ ಎರಡು ಪಾಲು ಕಟ್ಟಡಗಳಿಗೆ ಪೆಟ್ಟಾಗಿತ್ತು. ಇಂದು ಮಾಡುಗಳ ಮೇಲೆ ಕೆಂಪಾಗಿ ಹೊಳೆಯುವ ಹೆಂಚೆಲ್ಲ ಆಮೇಲೆ ಹೊದಿಸಿದ್ದು.

ಶೆಲ್ಲಿಗೂ ಜಗ್ಗದ ಊರು ಈಗ ನಮ್ಮಂಥವರ ಕಾಲ್ತುಳಿತಕ್ಕೆ ಸೋಲುತ್ತಿದೆ. 1991ರಲ್ಲಿ ಗೋಡೆಯೊಳಗೆ ಸುಮಾರು 5000 ಜನ ವಾಸವಿದ್ದರು, ಈಗ 2000ಕ್ಕೂ ಕಡಿಮೆ. ಮನೆಗಳೆಲ್ಲ ಪ್ರವಾಸಿಗರಿಗೆ ಬಾಡಿಗೆ. ಒಂದೇ ಹೊತ್ತಿಗೆ ಎರಡು ಹಡಗು, 4000 ಪ್ರಯಾಣಿಕರು, ಅಷ್ಟೇ ಅಂತ 2019ರಿಂದ ಮಿತಿ ಹಾಕಿದ್ದಾರೆ. ಸೆಟ್ಟಿಗೆ ನಟರು ಬೇಕು ಸರಿ, ಊರಿಗೆ ಒಲೆ ಹೊತ್ತಿಸುವವರು ಬೇಡವೆ?

ಹಡಗಿನ ಕೆಲಸಕ್ಕೆ ಹೊರಟಿರುವ ಮಿತ್ರರೇ, ಆ ಮೆಟ್ಟಿಲ ಮೇಲೆ ಫೋಟೋ ಖಂಡಿತ ತೆಗೆಸಿಕೊಳ್ಳಿ, ಬೇಡ ಅನ್ನೋಲ್ಲ. ಆ ನಕ್ಷೆಯ ಮುಂದೆಯೂ ಐದು ನಿಮಿಷ ನಿಲ್ಲಿ. ಅದಕ್ಕೆ ಟಿಕೆಟ್ಟಿಲ್ಲ.