ಕಾಯಿಲ್ ಅಲ್ಲಪಾ, ತಂತಿ ನೋಡು

ಅಹಮದಾಬಾದಿನಿಂದ ವಡೋದರಾಕ್ಕೆ ಹೋಗುವ ಎಕ್ಸ್‌ಪ್ರೆಸ್‌ವೇ 93 ಕಿಲೋಮೀಟರ್. ಸೂರತ್ತಿನಲ್ಲಿ ತಂಗಿಯ ಮನೆ ಗೃಹಪ್ರವೇಶಕ್ಕೆ ಹೊರಟಿದ್ದೆವು. ನಡಿಯಾದ್ ದಾಟುತ್ತಲೇ ಕಾರು ಜಗ್ಗತೊಡಗಿತು. ಹಿಂದಿನ ವಾರವಷ್ಟೇ ಅಹಮದಾಬಾದಿನ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿ, ಕೋಡ್ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಎಂದು ಹೇಳಿ, ಹೊಸ ಇಗ್ನಿಷನ್ ಕಾಯಿಲ್ ಹಾಕಿದ್ದರು.

ಹಿಂದಿನ ಸೀಟಿನಲ್ಲಿದ್ದ ಅಪ್ಪ, "ಇದು ಕಾಯಿಲ್ ಅಲ್ಲಪಾ. ಎಲ್ಲೋ ತಂತಿ ಬಿಟ್ಟು ಬಿಟ್ಟು ಹಿಡೀಲಿಕ್ಕತ್ತದ, ಪಾಯಿಂಟ್ ಹೋದಂಗ" ಎಂದರು. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಪದ್ಮಿನಿ ಓಡಿಸಿದವರು. ಭಾನುವಾರ ಡಿಸ್ಟ್ರಿಬ್ಯೂಟರ್ ಬಿಚ್ಚಿ ಪಾಯಿಂಟಿಗೆ ಪಾಲಿಶ್ ಪೇಪರ್ ಉಜ್ಜುವುದೇ ಅವರ ಪೂಜೆ.

"ಅಪ್ಪಾ, ಈಗಿನ ಕಾರಿಗೆ ಪಾಯಿಂಟ್ ಎಲ್ಲಿರ್ತಾವ? ಎಲ್ಲಾ ಕಂಪ್ಯೂಟರ್" ಎಂದೆ, ಸ್ವಲ್ಪ ಜೋರಾಗಿಯೇ. ಅವರು ಕಿಟಕಿಯ ಕಡೆ ತಿರುಗಿದರು.

ವಡೋದರಾದಲ್ಲಿ ಇನ್ನೊಬ್ಬರು ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದರು. ಭರೂಚಿನ ನರ್ಮದಾ ಸೇತುವೆಯ ಮೇಲೆ ಮತ್ತೆ ಅದೇ ಜಗ್ಗಾಟ. ಜೊತೆಗೆ, ಆಕ್ಸಿಲರೇಟರ್ ಒತ್ತಿದಾಗೆಲ್ಲ ಕಟಕಟ ಸದ್ದು.

ಮರುದಿನ ಸೂರತ್ತಿನ ಉಧನಾದಲ್ಲಿ ಸಿಕ್ಕ ಹಿರಿಯ ಮಿಸ್ತ್ರಿ ಯಾವ ಸಾಮಾನನ್ನೂ ತರಿಸಲಿಲ್ಲ. ಎರಡನೇ ಮತ್ತು ಮೂರನೇ ಕಾಯಿಲನ್ನು ಅದಲುಬದಲು ಮಾಡಿ ಓಡಿಸಿದರು. ಕಾಯಿಲ್ ಕೆಟ್ಟಿದ್ದರೆ ಕೋಡ್ ಪಿ0302 ಆಗಬೇಕಿತ್ತು. ಪಿ0303 ಆಗಿಯೇ ಉಳಿಯಿತು. ಇಂಜೆಕ್ಟರನ್ನೂ ಹಾಗೆಯೇ ನೋಡಿದರು, ಅದೂ ಅಲ್ಲ. ಕೊನೆಗೆ ಎಂಜಿನ್ ಚಾಲೂ ಇಟ್ಟು ವೈರಿಂಗನ್ನು ಮೆಲ್ಲಗೆ ಅಲುಗಾಡಿಸುತ್ತ ಹೋದರು. ಒಂದು ಕಡೆ ಮುಟ್ಟಿದೊಡನೆ ಎಂಜಿನ್ ತಡವರಿಸಿತು. ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಮೂರನೇ ಕಾಯಿಲಿನ ತಂತಿಯ ಮೇಲ್ಪದರ ಹರಿದು, ಒಳಗೆ ಕೆಲವೇ ಎಳೆ ಉಳಿದಿದ್ದವು.

ಆಗ ಓದಿದ್ದೆಲ್ಲ ನೆನಪಾಯಿತು. ಕಾಯಿಲಿನಲ್ಲಿ ಕರೆಂಟು ಹರಿಯುವಾಗ ಕಿಡಿ ಹಾರುವುದಿಲ್ಲ, ಹರಿವು ಕಡಿದಾಗ ಹಾರುತ್ತದೆ. 12 ವೋಲ್ಟ್ ಸಾವಿರಾರು ವೋಲ್ಟ್ ಆಗುವುದು ಆ ಗಳಿಗೆಯಲ್ಲಿ. ಹಿಂದೆ ಅದನ್ನು ಕಡಿಯುತ್ತಿದ್ದುದು ಪಾಯಿಂಟು. ನಮ್ಮ ಕಾರಿನಲ್ಲಿ ಇಸಿಯು ಒಳಗಿನ ಟ್ರಾನ್ಸಿಸ್ಟರ್. ತಂತಿಯೇ ನಡುವೆ ಬಿಟ್ಟರೆ ಕಿಡಿ ಹೊತ್ತಿಗೆ ಮುಂಚೆ, ಅದೂ ಬಡಕಲಾಗಿ ಹಾರುತ್ತದೆ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ. ಮೇಲೇರುವ ಪಿಸ್ಟನ್ನಿಗೆ ಎದುರೇಟು ಬೀಳಲು ಅಷ್ಟು ವ್ಯತ್ಯಾಸ ಸಾಕು. ಕೋಡ್ ಹೇಳಿದ್ದು ಯಾವ ಸಿಲಿಂಡರ್ ಎಂದು ಮಾತ್ರ. ಯಾಕೆ ಎಂದು ಹೇಳಿದವರು ಅಪ್ಪ.

ಮಿಸ್ತ್ರಿ ಹರಿದ ಭಾಗ ಕತ್ತರಿಸಿ, ಹೊಸ ತಂತಿ ಬೆಸೆದು, ಬ್ರಾಕೆಟ್ಟಿನಿಂದ ದೂರ ಕಟ್ಟಿದರು. ಅಪ್ಪ ಎರಡು ಬೆರಳು ಮುಟ್ಟಿಸಿ, ಬಿಡಿಸಿ ತೋರಿಸಿದರು. ಮಿಸ್ತ್ರಿ ನಕ್ಕು, "ಸಾಚಿ ವಾತ, ಕಾಕಾ" ಎಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು.

ವಾಪಸು ಬರುವಾಗ ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ಸೇತುವೆ ದಾಟಿದ ಮೇಲೆ ಕೇಳಿದೆ: "ಅಪ್ಪಾ, ಪದ್ಮಿನಿ ಪಾಯಿಂಟಿನ ಗ್ಯಾಪ್ ಹೆಂಗ ಹಿಡೀತಿದ್ರಿ?"

ವಡೋದರಾ ಬರುವವರೆಗೂ ಅವರು ಹೇಳುತ್ತಲೇ ಇದ್ದರು.