ಓದಿದ ಕಪಿಲೆ, ನೋಡಿದ ಕಪಿಲೆ

ಕಾವ್ಯವನ್ನು ಶ್ರವ್ಯವೆಂದೂ ದೃಶ್ಯವೆಂದೂ ವಿಭಾಗಿಸಿದ ನಮ್ಮ ಆಲಂಕಾರಿಕರು ಇವೆರಡರಲ್ಲಿ ಯಾವುದನ್ನು ಮೊದಲು ಅನುಭವಿಸಬೇಕೆಂಬುದನ್ನು ವಿಚಾರಿಸಹೋಗಲಿಲ್ಲ. ಅವರಿಗೆ ಆ ಪ್ರಶ್ನೆಯೇ ಏಳುವಂತಿರಲಿಲ್ಲ. ಶಾಕುಂತಲವನ್ನು ನೋಡಲು ಕುಳಿತ ಸಭಿಕರು ಮಹಾಭಾರತದ ಶಕುಂತಲೋಪಾಖ್ಯಾನವನ್ನು ಕೇಳಿಯೇ ಬಂದವರು. ಮೂಲದಲ್ಲಿ ದುರ್ವಾಸರ ಶಾಪವಿಲ್ಲ, ಉಂಗುರವೂ ಇಲ್ಲ. ದುಷ್ಯಂತನು ಎಲ್ಲವನ್ನೂ ಬಲ್ಲವನಾಗಿಯೇ, ಲೋಕದ ಮಾತಿಗೆ ಅಂಜಿ, ಆಕೆಯನ್ನು ಅರಿಯೆನೆನ್ನುತ್ತಾನೆ. ಕಾಳಿದಾಸನು ಶಾಪವನ್ನು ತಂದಿಟ್ಟು ರಾಜನ ಮಾನವನ್ನು ಕಾಪಾಡಿದನು. ಈ ಉಪಾಯದ ಸೊಗಸು ಮೂಲವನ್ನು ಬಲ್ಲವನಿಗಲ್ಲದೆ ಮತ್ತಾರಿಗೆ ತಿಳಿದೀತು? ನಾಯಕನಿಗೂ ರಸಕ್ಕೂ ಒಗ್ಗದ ಭಾಗವನ್ನು ಬಿಡಬಹುದು, ಇಲ್ಲವೆ ಬೇರೆ ವಿಧವಾಗಿ ಹೂಡಬಹುದು ಎಂದು ದಶರೂಪಕಕಾರನೂ ಅನುಮತಿ ಕೊಟ್ಟಿದ್ದಾನೆ. ನಮ್ಮ ಹರಿಕಥೆಯ ದಾಸರಾಗಲಿ ಬಯಲಾಟದ ಭಾಗವತರಾಗಲಿ, ಮುಂದೇನಾಯಿತೆಂಬ ಕುತೂಹಲವೊಂದನ್ನೇ ನಂಬಿ ಬದುಕಿದವರಲ್ಲ.

ಈಗ ಕಾಲ ಬೇರೆ. ಕಾದಂಬರಿಯನ್ನು ಮೊದಲೇ ಓದಿಬಿಟ್ಟರೆ ಚಲಚ್ಚಿತ್ರದ ಸ್ವಾರಸ್ಯ ಕೆಡುತ್ತದೆಂದು ಹೇಳುವ ತರುಣರು ನಮ್ಮ ವೈದ್ಯನಾಥಪುರದಲ್ಲಿಯೂ ಇದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಎಸ್. ಎಲ್. ಭೈರಪ್ಪನವರು ತೀರಿಕೊಂಡ ಮೇಲೆ, 'ವಂಶವೃಕ್ಷ'ವನ್ನು ಕೈಯ ಫೋನಿನಲ್ಲಿ ನೋಡಿ ಮುಗಿಸಿದ ಇಬ್ಬರು ಬಂದು, "ಆ ಶ್ರೋತ್ರಿಗಳು ಕಲ್ಲು ಮನಸ್ಸಿನವರು, ಮೇಷ್ಟ್ರೇ" ಎಂದು ತೀರ್ಪು ಕೊಟ್ಟು ಹೋದರು. ನಾಲ್ಕು ಮಾತು ಬರೆಯಬೇಕೆನಿಸಿದುದು ಆ ತೀರ್ಪಿನಿಂದ.

ಕಾದಂಬರಿ ಪ್ರಕಟವಾದುದು 1965ರಲ್ಲಿ. ಬಿ. ವಿ. ಕಾರಂತರೂ ಗಿರೀಶ ಕಾರ್ನಾಡರೂ ಕೂಡಿ ಅದನ್ನು ಚಿತ್ರವಾಗಿ ನಿರ್ದೇಶಿಸಿದರು. 1971ನೆಯ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಿರ್ದೇಶನದ ಗೌರವ ಇಬ್ಬರಿಗೂ ಸಂದಿತು. (ಮುಂದೆ ವಿಷ್ಣುವರ್ಧನರೆಂದು ನಾಡಿಗೆಲ್ಲ ಪರಿಚಿತರಾದವರು ಸಣ್ಣದೊಂದು ಪಾತ್ರದಲ್ಲಿ ಕಾಣಿಸಿಕೊಂಡುದೂ ಇದರಲ್ಲಿಯೇ.) ಕಥೆಯನ್ನು ವಾಚಕರು ಬಲ್ಲರು. ನಂಜನಗೂಡಿನ ಆಚಾರಶೀಲರಾದ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯ ಪಾಲಾಗುತ್ತಾನೆ. ಸೊಸೆ ಕಾತ್ಯಾಯನಿ ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುತ್ತ ರಾಜನೆಂಬ ಅಧ್ಯಾಪಕನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಎಳೆಯ ಮಗ ಚೀನಿ ತಾತನಲ್ಲಿಯೇ ಉಳಿಯುತ್ತಾನೆ. ಎರಡನೆಯ ದಾಂಪತ್ಯದಲ್ಲಿ ಆಕೆಯ ಗರ್ಭಗಳು ನಿಲ್ಲುವುದಿಲ್ಲ. ಶ್ರೋತ್ರಿಗಳಿಗಾದರೋ, ತಾವು ಇಷ್ಟು ದಿನ ಕಾದ ವಂಶದ ಬೀಜಕ್ಕೆ ತಾವೇ ಹುಟ್ಟಿದವರಲ್ಲವೆಂಬುದು ಇಳಿವಯಸ್ಸಿನಲ್ಲಿ ತಿಳಿಯುತ್ತದೆ.

ನಾನು ಇದನ್ನು ಓದಿದುದು 1978ರ ಬೇಸಗೆಯಲ್ಲಿ, ಪಾಠಶಾಲೆಯ ರಜೆಗೆ ಊರಿಗೆ ಬಂದಿದ್ದಾಗ. ಬೀಜ ಪ್ರಧಾನವೋ ಕ್ಷೇತ್ರ ಪ್ರಧಾನವೋ ಎಂಬ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ವಾದವನ್ನು ಬಾಯಿಪಾಠ ಮಾಡುತ್ತಿದ್ದ ನನಗೆ, ಅದೇ ವಾದವು ಒಬ್ಬ ಮುದುಕನ ಎದೆಯನ್ನು ಸೀಳುವ ಸಂಗತಿಯಾಗಿ ಕಂಡಾಗ ಆದ ಕಂಪನವನ್ನು ಹೇಳಲಾರೆ. ಅಂದಿನವರೆಗೆ ನಾನು ನಂಜನಗೂಡನ್ನು ನೋಡಿರಲಿಲ್ಲ. ಆದುದರಿಂದ ಶ್ರೋತ್ರಿಗಳ ಮನೆ ನಮ್ಮ ವೈದ್ಯನಾಥೇಶ್ವರನ ಗುಡಿಯ ಬಳಿಯ ಒಂದು ಹಳೆಯ ತೊಟ್ಟಿಯ ಮನೆಯಾಯಿತು. ಅವರ ಕಪಿಲೆ ನಮ್ಮ ಶಿಂಷೆಯಾಯಿತು. ಇದು ತೀರ ಅನುಚಿತವೂ ಅಲ್ಲ. ಅಲ್ಲಿಯ ನಂಜುಂಡನೂ ರೋಗಹರನೆಂದು ಹೆಸರಾದವನು, ನಮ್ಮ ಸ್ವಾಮಿಯೂ ಹೆಸರಿನಿಂದಲೇ ವೈದ್ಯ. ಬೇಸಗೆಯಲ್ಲಿ ಮೊಣಕಾಲಿಗೂ ನೀರಿಲ್ಲದ ಶಿಂಷೆ ನನ್ನ ಮನಸ್ಸಿನಲ್ಲಿ ಒಬ್ಬ ಯುವಕನನ್ನು ಮುಳುಗಿಸುವಷ್ಟು ಉಕ್ಕಿತು.

ಪುಸ್ತಕವನ್ನು ಮದ್ದೂರಿನ ಗ್ರಂಥಾಲಯದಿಂದ ತರಿಸಿದವಳು ನಮ್ಮ ಅಕ್ಕ. ಮದುವೆಯಾದ ಮೂರನೆಯ ವರ್ಷದಲ್ಲಿ ಗಂಡನನ್ನು ಕಳೆದುಕೊಂಡು, ಕೈಗೂಸಿನೊಡನೆ ತೌರಿಗೆ ಬಂದಿದ್ದಳು. ಆ ವರ್ಷವೇ ಪರಿಚಿತರೊಬ್ಬರು ಪುನರ್ವಿವಾಹದ ಮಾತು ತಂದಿದ್ದರು. ವರ ಒಳ್ಳೆಯವನು; ಆದರೆ ಮಗು ತಾತನ ಮನೆಯಲ್ಲಿಯೇ ಉಳಿಯಬೇಕೆಂಬ ನಿಬಂಧನೆ. ನಮ್ಮ ತಂದೆ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಆ ಮೌನದ ತಿಂಗಳಲ್ಲಿ ಅಕ್ಕ ವಂಶವೃಕ್ಷವನ್ನು ಎರಡು ಸಾರಿ ಓದಿದಳು. ಓದಿ, ಸಂಬಂಧವನ್ನು ಬೇಡವೆಂದಳು. ಪುಸ್ತಕ ಹುಡುಗಿಯ ತಲೆ ಕೆಡಿಸಿತೆಂದು ಕೆಲವರು, ಪುಸ್ತಕ ಬುದ್ಧಿ ಕಲಿಸಿತೆಂದು ಕೆಲವರು ಆಡಿಕೊಂಡರು. ನಾನು ಕೇಳಿದಾಗ ಅಕ್ಕ ಹೇಳಿದುದಿಷ್ಟೆ: "ಪುಸ್ತಕಕ್ಕಾಗಿ ಬೇಡವೆನ್ನಲಿಲ್ಲ ಕಣೋ. ಮಗು ಬಿಟ್ಟು ನಿದ್ದೆ ಬರುವುದಿಲ್ಲ, ಅದಕ್ಕೆ. ಆದರೆ ಆ ಮೂರು ಬಸಿರು ಕಳೆದವರು ಯಾರು? ದೇವರಲ್ಲ, ಬರೆದವರು. ಮಗುವನ್ನು ಜೊತೆಗೆ ಕಳಿಸಿಕೊಟ್ಟಿದ್ದರೆ ಕಥೆ ನಿಲ್ಲುತ್ತಿರಲಿಲ್ಲವೆ?"

ಆರು ವರ್ಷದ ಮೇಲೆ ಮೈಸೂರಿನಲ್ಲಿ ಚಿತ್ರಸಮಾಜವೊಂದರವರು ಅದನ್ನು ತೋರಿಸಿದಾಗ ಅಕ್ಕನನ್ನು ಕರೆದುಕೊಂಡು ಹೋದೆನು. ತೆರೆಯ ಮೇಲೆ ಕಪಿಲೆ ಬಂದೊಡನೆಯೇ ನನ್ನ ಶಿಂಷೆ ಬತ್ತಿಹೋಯಿತು. ವೆಂಕಟರಾವ್ ತಲಗೇರಿಯವರ ಶ್ರೋತ್ರಿಗಳು ಗಂಭೀರರು, ನಡೆನುಡಿಯಲ್ಲಿ ನಿಜವಾದ ವೈದಿಕರು, ಆದರೂ ನನ್ನವರಲ್ಲ. ನನ್ನ ಶ್ರೋತ್ರಿಗಳಿಗೆ ನಮ್ಮ ತಂದೆಯ ಹಣೆಯಿತ್ತು. ಚಿತ್ರಕ್ಕೆ ಸಿಕ್ಕದ ಮತ್ತೊಂದು ವಸ್ತುವಿದೆ: ಶ್ರೋತ್ರಿಗಳ ವಿಚಾರಮಂಥನ. ವೈದ್ಯರು ದಾಂಪತ್ಯವನ್ನು ನಿಷೇಧಿಸಿದ ಮೇಲೆ, ಹೆಂಡತಿಯೇ ಮನೆಯ ಆಳು ಲಕ್ಷ್ಮಿಯನ್ನು ತೋರಿಸಿದಾಗ, ಆ ಮನುಷ್ಯನು ತನ್ನೊಡನೆ ತಾನು ಹೂಡಿದ ಯುದ್ಧ ಪುಟಪುಟವಾಗಿ ಬೆಳೆಯಬೇಕಾದುದು. ಇತರರಿಗೆ ವಿಧಿಸುವ ಕಟ್ಟನ್ನು ಆತ ಮೊದಲು ತನಗೆ ಬಿಗಿದುಕೊಂಡವನೆಂಬುದು ಅಲ್ಲಿ ತಿಳಿಯುತ್ತದೆ. ಮೊದಲೇ ಓದಿದವನು ಈ ಯುದ್ಧವನ್ನು ತಾನೇ ಹೊತ್ತು ತಂದು ನಟನ ಮೌನದೊಳಗೆ ತುಂಬಿಕೊಳ್ಳುತ್ತಾನೆ. ಓದದವನಿಗೆ ಕಾಣುವುದು ಮೌನವೊಂದೇ. ಅದು ಕಲ್ಲಿನಂತೆ ಕಂಡರೆ ಆಶ್ಚರ್ಯವಿಲ್ಲ. ನಮ್ಮೂರ ಹುಡುಗರಿಗೆ ನನ್ನ ಉತ್ತರ ಇದು.

ಆದರೆ ಎಲ್. ವಿ. ಶಾರದಾ ಅವರ ಕಾತ್ಯಾಯನಿಯ ವಿಷಯದಲ್ಲಿ ಲೆಕ್ಕ ತಿರುಗಿತು. ಪುಸ್ತಕದಲ್ಲಿ ಆಕೆಯನ್ನು ಸುತ್ತಿ ನಿಂತ ವಾದಗಳು, ಪಾಪಪ್ರಜ್ಞೆಯ ಬಣ್ಣನೆಗಳು ಬಹಳ. ನಾವು ಆಕೆಯನ್ನು ತೂಗುತ್ತಲೇ ಓದುತ್ತೇವೆ. ತೆರೆಯ ಮೇಲೆ ತಕ್ಕಡಿಯಿಲ್ಲ, ಮುಖವಿದೆ. ಹಿಂದಿರುಗುವಾಗ ಮದ್ದೂರು ಬರುವವರೆಗೂ ಅಕ್ಕ ಕಿಟಕಿಯ ಕಡೆಗೆ ತಿರುಗಿ ಕುಳಿತಿದ್ದಳು. ಊರಿಗೆ ಬಂದು ಕಾಲು ತೊಳೆದ ಮೇಲೆ ಹೇಳಿದಳು: "ಪುಸ್ತಕದಲ್ಲಿ ಅವಳ ಮನಸ್ಸನ್ನೆಲ್ಲ ಬೇರೆಯವರು ಹೇಳಿಬಿಟ್ಟಿದ್ದರು. ಇಲ್ಲಿ ಸುಮ್ಮನೆ ಕುಳಿತಿದ್ದಳಲ್ಲ, ನಾನೂ ಹಾಗೆಯೇ ಕುಳಿತಿದ್ದೆ." ಅಪ್ಪ ಮಾತಾಡದೆ ಕಳೆದ ತಿಂಗಳಿನ ವಿಷಯವಾಗಿ ಆಕೆ ಬಾಯಿಬಿಟ್ಟುದು ಅದೊಂದೇ ಸಲ.

ಅದೇ ಕಥೆಯನ್ನು ಬಾಪು ಅವರು 1980ರಲ್ಲಿ ತೆಲುಗಿನಲ್ಲಿಯೂ ತೆಗೆದಿದ್ದರು. ಅದರ ಗುಣದೋಷ ನನಗೆ ಪ್ರಕೃತವಲ್ಲ. ವಂಶವೃಕ್ಷವನ್ನು ಆಮೇಲೆ ಎರಡು ಸಾರಿ ಓದಿದ್ದೇನೆ. ಶ್ರೋತ್ರಿಗಳು ಈಗಲೂ ನಮ್ಮ ತಂದೆಯ ಹಣೆಯನ್ನೇ ಹೊತ್ತು ಶಿಂಷೆಯಲ್ಲಿಯೇ ಅರ್ಘ್ಯ ಬಿಡುತ್ತಾರೆ. ಕಾತ್ಯಾಯನಿಗೆ ಮಾತ್ರ ಶಾರದೆಯವರ ಮುಖ ಅಂಟಿಕೊಂಡಿದೆ, ಅಳಿಸಲು ನಾನು ಯತ್ನಿಸಿಲ್ಲ. ಪಕ್ಕದ ಮನೆಯ ಹುಡುಗಿಯೊಬ್ಬಳು ಮೊನ್ನೆ ಬಂದು, ಯಾವುದು ಮೊದಲೆಂದು ಅಕ್ಕನನ್ನೇ ಕೇಳಿದಳು. ಅಕ್ಕ ಕನ್ನಡಕ ತೆಗೆದು, "ಮೊದಲು ಓದಮ್ಮ. ಕಾತ್ಯಾಯನಿ ನೋಡಲು ಹೇಗಿದ್ದಾಳೆಂದು ನನಗೆ ಬಂದು ಹೇಳು. ಆಮೇಲೆ ಸಿನಿಮಾ ನೋಡುವೆಯಂತೆ" ಎಂದು ಪುಸ್ತಕವನ್ನು ಕೈಗಿತ್ತಳು.